ಬೀದಿಯ ಸುಧಾರಣೆಗೆ ಕಟ್ಟಡದ ಒಡೆಯರಿಂದ ಹಣ: ಬಲವಂತ ಮಾಡಲು ಬರುತ್ತದೆಯೆ? ಯಾವ ಅಳತೆಯಲ್ಲಿ?

ಪ್ರಶ್ನೆ: ಫೋರ್ಟಿನ ಹೋಟೆಲಿಗ

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಫೋರ್ಟ್ ಭಾಗದ ಒಂದು ಅಡ್ಡಬೀದಿಯಲ್ಲಿ, ತಂದೆಯವರ ಕಾಲದಿಂದ ಪಗಡಿಯ ಮೇಲೆ (ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು, ಕಡಿಮೆ ಬಾಡಿಗೆಗೆ ಕಾಯಂ ಆಗಿ) ಇರುವ ಜಾಗದಲ್ಲಿ, ನಾನು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದೇನೆ. ಬೀದಿಯ ಉದ್ದ ಸುಮಾರು ಮುನ್ನೂರು ಮೀಟರು. ಎರಡೂ ಬದಿಗಳಲ್ಲಿ ಹಳೆಯ ಕಟ್ಟಡಗಳು. ನೆಲಮಹಡಿಯಲ್ಲಿ ಅಂಗಡಿಗಳು, ಮೇಲೆ ವಕೀಲರ ಮತ್ತು ಹಡಗು ಏಜೆಂಟರ ಕಚೇರಿಗಳು, ಅಲ್ಲೊಂದು ಇಲ್ಲೊಂದು ಮನೆ. ಕಾಲುದಾರಿಯ ಒಂದು ತುಂಡಿಗೆ ಕಡಪ ಕಲ್ಲು, ಮತ್ತೊಂದು ತುಂಡಿಗೆ ಪೇವರ್ ಬ್ಲಾಕು, ನಡುವೆ ಕೇಬಲು ಹಾಕಿದವರು ಅರೆಬರೆ ಮುಚ್ಚಿ ಹೋದ ತಗ್ಗು. ಸಂಜೆ ಏಳಾದರೆ ಬೀದಿಯ ಅರ್ಧಕ್ಕೆ ಬೆಳಕಿರುವುದಿಲ್ಲ. 2025ರ ಅಕ್ಟೋಬರಿನಲ್ಲಿ ಭೂಗತ ಮೆಟ್ರೊದ ಮೂರನೆಯ ಮಾರ್ಗ ಕಫ್ ಪರೇಡಿನವರೆಗೆ ಪೂರ್ಣಗೊಂಡ ಮೇಲೆ, ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ನಡೆದು ನಮ್ಮ ಬೀದಿಯ ಮೂಲಕ ಕಚೇರಿಗೆ ಹೋಗುತ್ತಿದ್ದ ಗಿರಾಕಿಗಳಲ್ಲಿ ಒಂದಷ್ಟು ಮಂದಿ ನೆಲದಡಿಯಿಂದಲೇ ಸಾಗಿ ಬೇರೆಡೆ ಮೇಲೆ ಬರುತ್ತಿದ್ದಾರೆ. ಬೆಳಗಿನ ಇಡ್ಲಿ-ವಡೆಯ ವ್ಯಾಪಾರದಲ್ಲಿ ಇದು ನನಗೆ ಚೆನ್ನಾಗಿ ಗೊತ್ತಾಗಿದೆ.

ಈ ಕಾರಣಕ್ಕೆ ನಮ್ಮ ವ್ಯಾಪಾರಿಗಳ ಸಂಘದಲ್ಲಿ ಒಂದು ಯೋಜನೆ ಸಿದ್ಧವಾಗಿದೆ. ಇಡೀ ಬೀದಿಗೆ ಒಂದೇ ಬಗೆಯ ಕಲ್ಲುಹಾಸು, ದೀಪ, ಕುಳಿತುಕೊಳ್ಳಲು ಕಟ್ಟೆ, ನಾಲ್ಕಾರು ಮರಗಳಿಗೆ ಪಾತಿ, ಎಲ್ಲ ಅಂಗಡಿಗಳಿಗೂ ಒಂದೇ ಎತ್ತರದ ಫಲಕ. ಒಬ್ಬ ಗುತ್ತಿಗೆದಾರರು ಕೊಟ್ಟ ಅಂದಾಜು 81 ಲಕ್ಷ ರೂಪಾಯಿ; ಮೇಲಿಂದ ಗುಡಿಸುವ, ಕಾಯುವ, ಕೆಟ್ಟದ್ದನ್ನು ಸರಿಪಡಿಸುವ ಖರ್ಚು ವರ್ಷಕ್ಕೆ 10 ಲಕ್ಷ 80 ಸಾವಿರ. ಸಂದಿಗಳನ್ನು ಬಿಟ್ಟು ಬೀದಿಗೆ ಮುಖಮಾಡಿದ ಕಟ್ಟಡಗಳ ಒಟ್ಟು ಮುಂಭಾಗ 540 ಮೀಟರು. ಆದ್ದರಿಂದ ಮುಂಭಾಗದ ಮೀಟರೊಂದಕ್ಕೆ 15,000 ರೂಪಾಯಿಯನ್ನು ಒಂದು ಸಲ, 2,000 ರೂಪಾಯಿಯನ್ನು ಪ್ರತಿವರ್ಷ ಕಟ್ಟಡದವರಿಂದ ಪಡೆಯಬೇಕೆಂದು ಕಾರ್ಯದರ್ಶಿಗಳು ಸೂಚಿಸಿದ್ದಾರೆ.

ಇಲ್ಲಿಂದಲೇ ಜಗಳ ಆರಂಭವಾಗಿದೆ. ನನ್ನ ಹೋಟೆಲಿನ ಮುಂಭಾಗ ನಾಲ್ಕು ಮೀಟರು, ಆಳ ಇಪ್ಪತ್ತು ಮೀಟರು; ನನ್ನ ಪಾಲು 60,000. ಎದುರಿನ ಬಟ್ಟೆ ಅಂಗಡಿಯ ಮುಂಭಾಗ ಹನ್ನೆರಡು ಮೀಟರು, ಆಳ ಮೂರೇ ಮೀಟರು. ಅವರ ಪಾಲು 1,80,000. ‘ಬೀದಿ ಚೆನ್ನಾದರೆ ಜನ ಬಂದು ನಿಮ್ಮಲ್ಲಿ ಊಟಕ್ಕೆ ಕೂರುತ್ತಾರೆಯೇ ಹೊರತು ನನ್ನಲ್ಲಿ ಸೀರೆ ಕೊಳ್ಳುತ್ತಾರೆಯೆ’ ಎಂಬ ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಕೊಡುವುದೇ ಇಲ್ಲ ಎನ್ನುವ ಐದಾರು ಮಂದಿ ಬೇರೆ ಇದ್ದಾರೆ. ಕಳೆದ ಸಲ ದೀಪಾವಳಿಯ ದೀಪಾಲಂಕಾರಕ್ಕೂ ಅವರು ಹಣ ಕೊಡಲಿಲ್ಲ, ಬೆಳಕು ಮಾತ್ರ ಅವರ ಬಾಗಿಲಿಗೂ ಬಿತ್ತು. ಇಂಥವರಿಂದ ಹಣವನ್ನು ಕಡ್ಡಾಯವಾಗಿ ವಸೂಲು ಮಾಡಲು ಸಾಧ್ಯವೆ? ಮುಂಭಾಗದ ಅಳತೆ ನ್ಯಾಯವೆ? ನನ್ನಂಥ ಪಗಡಿಯವನು ಇದನ್ನು ಕೊಡಬೇಕೋ, ಕಟ್ಟಡದ ಒಡೆಯರು ಕೊಡಬೇಕೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಕರನಿರ್ಧಾರಕ, ಮುಲುಂಡ್

ಮಾನ್ಯರೆ, ಪಾಲಿಕೆಯ ಕಂದಾಯದ ಕಡತಗಳ ನಡುವೆ ಬಹುಕಾಲ ಕುಳಿತವನು ನಾನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಈಗಿರುವ ಸ್ಥಿತಿಯಲ್ಲಿ ಕಡ್ಡಾಯ ಮಾಡಲು ಬರುವುದಿಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹೇರುವಂತಿಲ್ಲವೆಂದು ಸಂವಿಧಾನದ 265ನೆಯ ವಿಧಿ ಹೇಳುತ್ತದೆ. ಸಂಘದ ಮಹಾಸಭೆ ಕೈ ಎತ್ತಿ ಒಪ್ಪಿದ ನಿರ್ಣಯವು ಒಪ್ಪಿದವರನ್ನು ಬೇಕಾದರೆ ಕಟ್ಟಿಹಾಕೀತು, ಸಭೆಗೆ ಬಾರದವನನ್ನು ಕಟ್ಟಿಹಾಕಲಾರದು. ಅಲ್ಲದೆ ಬೀದಿಯೂ ಕಾಲುದಾರಿಯೂ ಸಂಘದ ಸೊತ್ತಲ್ಲ. 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ ಪ್ರಕಾರ ಸಾರ್ವಜನಿಕ ಬೀದಿಗಳು ಪಾಲಿಕೆಯಲ್ಲಿ ನಿಹಿತವಾಗಿವೆ. ಪಾಲಿಕೆಯ ಲಿಖಿತ ಅನುಮತಿಯಿಲ್ಲದೆ ಒಂದು ಕಲ್ಲನ್ನು ಎಬ್ಬಿಸಿದರೂ ಅದು ನಿಮ್ಮ ಮೇಲೆಯೇ ಬರುತ್ತದೆ.

‘ಇದು ತೆರಿಗೆಯಲ್ಲ, ಸೇವೆಗೆ ಕೊಡುವ ಶುಲ್ಕ’ ಎಂದು ಕಾರ್ಯದರ್ಶಿಗಳು ಹೇಳಬಹುದು. ತೆರಿಗೆಗೂ ಶುಲ್ಕಕ್ಕೂ ಇರುವ ಭೇದವನ್ನು ಸುಪ್ರೀಂ ಕೋರ್ಟು ವಿಸ್ತಾರವಾಗಿ ಚರ್ಚಿಸಿದ್ದು 1954ರಲ್ಲಿ, ಅದೂ ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಎಂಬುದು ಹೋಟೆಲಿನವರಾದ ನಿಮಗೆ ಹಿಡಿಸುವ ಸಂಗತಿ. ಮಠಗಳ ವಾರ್ಷಿಕ ಆದಾಯದಿಂದ ಅಂದಿನ ಮದ್ರಾಸ್ ಸರ್ಕಾರ ವಂತಿಗೆ ಕೇಳಿತ್ತು. ಕೊಟ್ಟ ಹಣಕ್ಕೂ ಕೊಟ್ಟವನಿಗೆ ದೊರೆಯುವ ಸೇವೆಗೂ ಸಂಬಂಧವಿಲ್ಲದೆ, ಹಣವು ಸರ್ಕಾರದ ಸಾಮಾನ್ಯ ಬೊಕ್ಕಸದಲ್ಲಿ ಬೆರೆತುಹೋಗುವುದಾದರೆ ಅದು ಶುಲ್ಕವಲ್ಲ, ತೆರಿಗೆ ಎಂದು ನ್ಯಾಯಾಲಯ ಹೇಳಿತು. ನಿಮ್ಮ ಬೀದಿಗೂ ಈ ಮಾತು ಅನ್ವಯಿಸುತ್ತದೆ: ಹಣಕ್ಕೆ ಬೇರೆಯದೇ ಖಾತೆ ಇರಬೇಕು, ಅದರ ಪ್ರತಿ ರೂಪಾಯಿಯೂ ಆ ಮುನ್ನೂರು ಮೀಟರಿನ ಒಳಗೇ ಖರ್ಚಾಗಬೇಕು. ಆದರೂ ಬಲವಂತದ ಶುಲ್ಕಕ್ಕೂ ಒಂದು ಕಾಯ್ದೆಯ ಬೆಂಬಲ ಬೇಕೇ ಬೇಕು.

ಇನ್ನು ನಿಮ್ಮ ಐದಾರು ಮಂದಿ ಎತ್ತಬಹುದಾದ ಅತ್ಯಂತ ಗಟ್ಟಿಯಾದ ಆಕ್ಷೇಪವನ್ನು ನಾನೇ ಹೇಳಿಬಿಡುತ್ತೇನೆ. ನಿಮ್ಮ ಕಟ್ಟಡದ ಮನೆಪಟ್ಟಿಯ ಬಿಲ್ಲನ್ನು ತೆಗೆದು ನೋಡಿ. ಸಾಮಾನ್ಯ ಕರ, ನೀರಿನ ಕರ, ಮಲಪ್ರವಾಹದ ಕರ, ಶಿಕ್ಷಣ ಉಪಕರ, ವೃಕ್ಷ ಉಪಕರ ಇವುಗಳ ಜೊತೆಗೆ ‘ಸ್ಟ್ರೀಟ್ ಟ್ಯಾಕ್ಸ್’ ಎಂಬ ಸಾಲೂ ಇದೆ. 2010ರ ಏಪ್ರಿಲಿನಿಂದ ಇವೆಲ್ಲವೂ ಬಂಡವಾಳ ಮೌಲ್ಯದ, ಅಂದರೆ ಆಸ್ತಿಯ ಮಾರುಕಟ್ಟೆ ಬೆಲೆಯನ್ನು ಆಧರಿಸಿದ ಮೌಲ್ಯದ, ಮೇಲೆ ಲೆಕ್ಕವಾಗುತ್ತಿವೆ. ಫೋರ್ಟಿನ ವಾಣಿಜ್ಯ ಜಾಗಕ್ಕೆ ಆ ಮೌಲ್ಯ ಎಷ್ಟೆಂದು ನಿಮಗೇ ಗೊತ್ತು. ‘ಬೀದಿಯ ಹೆಸರಿನಲ್ಲೇ ತೆರಿಗೆ ಕೊಡುತ್ತಿರುವಾಗ ಅದೇ ಬೀದಿಗೆ ಎರಡನೆಯ ಸಲ ಏಕೆ ಕೊಡಬೇಕು’ ಎಂದು ಕೇಳಿದವರನ್ನು ಜಿಪುಣರೆಂದು ತಳ್ಳಿಹಾಕಬೇಡಿ. ಗುಡಿಸುವುದು, ದೀಪ, ತಗ್ಗು ಮುಚ್ಚುವುದು ಇವುಗಳಲ್ಲಿ ಪಾಲಿಕೆ ಈಗಾಗಲೇ ಮಾಡಬೇಕಾದದ್ದು ಎಷ್ಟು ಎಂಬುದನ್ನು ವಾರ್ಡ್ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಅದರ ಮೇಲಿನದ್ದಕ್ಕೆ ಮಾತ್ರ ಹಣ ಎತ್ತಿರಿ. ಇಲ್ಲವಾದರೆ ನೀವು ಪೊರಕೆ ಹಿಡಿದ ದಿನವೇ ಪಾಲಿಕೆಯ ಪೊರಕೆ ಪಕ್ಕದ ಬೀದಿಗೆ ಹೋಗುತ್ತದೆ.

ನಿರ್ದಿಷ್ಟ ಆಸ್ತಿಗಳ ಮೇಲೆ ನಿರ್ದಿಷ್ಟ ಉದ್ದೇಶಕ್ಕೆ ಕರ ಹಾಕುವುದು ಈ ಊರಿಗೆ ಹೊಸತೂ ಅಲ್ಲ. 1969ರ ಸೆಪ್ಟೆಂಬರಿಗೆ ಮೊದಲು ಕಟ್ಟಿದ, ದ್ವೀಪನಗರದ (ಮುಂಬಯಿಯ ದಕ್ಷಿಣದ ಹಳೆಯ ಭಾಗದ) ಬಾಡಿಗೆ ಕಟ್ಟಡಗಳಿಂದ ದುರಸ್ತಿಯ ಉಪಕರ ಎತ್ತುತ್ತಿಲ್ಲವೆ? ನಿಮ್ಮದೂ ಬಹುಶಃ ‘ಸೆಸ್ಡ್ ಬಿಲ್ಡಿಂಗ್’, ಅಂದರೆ ಆ ಉಪಕರ ಕೊಡುವ ಕಟ್ಟಡ. ಆ ಹಣ ಮನೆಪಟ್ಟಿಯ ಜೊತೆಗೇ ವಸೂಲಾಗುತ್ತದೆ, ಕಟ್ಟಡಗಳನ್ನು ದುರಸ್ತಿ ಮಾಡುವ ಮಂಡಳಿಗೆ ಸೇರುತ್ತದೆ, ಒಡೆಯರು ಅದನ್ನು ಬಾಡಿಗೆದಾರರ ಕಡೆಗೇ ತಿರುಗಿಸುತ್ತಾರೆ. ಆದ್ದರಿಂದ ವಸೂಲಿಯ ದಾರಿ ಇಲ್ಲಿಯವರಿಗೆ ಗೊತ್ತಿರುವುದೇ. ಎಡವಿದ್ದು ಬೇರೆಡೆ: ಕೊಡುವವರಿಗೆ ಆ ಹಣದ ಮೇಲೆ ಹಿಡಿತವಿಲ್ಲ. ಊರುಗೋಲು ಕೊಟ್ಟು ನಿಲ್ಲಿಸಿದ ಎಷ್ಟೋ ಚಾಳುಗಳ (ವಠಾರಗಳ) ನಿವಾಸಿಗಳು ವರ್ಷಾನುಗಟ್ಟಲೆ ಉಪಕರ ಕೊಟ್ಟೂ ದುರಸ್ತಿಗೆ ಕಾದಿರುವುದನ್ನು ನೀವೂ ನಾನೂ ಕಂಡಿದ್ದೇವೆ.

ಉತ್ತರ: ನಗರಯೋಜನೆಯಲ್ಲಿ ಕೆಲಸ ಮಾಡುವವಳು, ಪುಣೆ

ಹಿರಿಯರು ಕಾನೂನನ್ನು ಬಿಡಿಸಿ ಹೇಳಿದ್ದಾರೆ. ಕಾನೂನು ಇರುವ ಊರುಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ತಾವು ಬರೆದ ಮೆಟ್ರೊದ ಸಂಗತಿ ಓದಿದಾಗ ನನಗೆ ಕೆನಡಾದ ಟೊರೊಂಟೊ ನೆನಪಾಯಿತು. ಅಲ್ಲಿ ಬ್ಲೂರ್ ಬೀದಿಯ ಟ್ರಾಮಿನಲ್ಲಿ ಅಂಗಡಿಗಳನ್ನು ನೋಡುತ್ತ ಸಾಗುತ್ತಿದ್ದ ಜನ, 1966ರಲ್ಲಿ ಸುರಂಗ ರೈಲು ಬಂದ ಮೇಲೆ ನೆಲದಡಿಗೆ ಇಳಿದುಬಿಟ್ಟರು. ಹೊಸ ಮಾಲುಗಳು ಉಳಿದವರನ್ನು ಸೆಳೆದುಕೊಂಡವು. ಬೀದಿಯನ್ನು ಸುಧಾರಿಸಲು ವ್ಯಾಪಾರಿಗಳು ಸ್ವಂತ ಇಚ್ಛೆಯ ವಂತಿಗೆಯನ್ನೇ ನಂಬಿದ್ದರೆ, ಕೊಡದವರೂ ಲಾಭ ಪಡೆಯುವ ತಮ್ಮ ದೀಪಾವಳಿಯ ಕಥೆಯೇ ಅಲ್ಲೂ ನಡೆಯುತ್ತಿತ್ತು. ಆದ್ದರಿಂದ ಅವರು ಪ್ರಾಂತ್ಯದ ಸರ್ಕಾರದಿಂದ ಕಾಯ್ದೆ ಮಾಡಿಸಿ, ಗಡಿ ಗುರುತಿಸಿದ ವಲಯದ ಪ್ರತಿಯೊಬ್ಬರಿಂದಲೂ ನಗರಸಭೆಯೇ ಹಣ ವಸೂಲು ಮಾಡಿ ವ್ಯಾಪಾರಿಗಳ ಮಂಡಳಿಗೆ ಕೊಡುವ ಏರ್ಪಾಟನ್ನು 1970ರಲ್ಲಿ ಆರಂಭಿಸಿದರು. ಇಂಥ ವಲಯಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು ಅದು.

ಯಾರಿಗೆ ಮತ ಎಂಬುದರಲ್ಲಿ ಊರಿಂದ ಊರಿಗೆ ಭೇದವಿದೆ. ನ್ಯೂಯಾರ್ಕಿನಲ್ಲಿ ಹಣ ಕೊಡುವವರು ಆಸ್ತಿಯ ಒಡೆಯರು; ಅವರಲ್ಲಿ ಸಂಖ್ಯೆಯಿಂದಾಗಲಿ ಆಸ್ತಿಯ ಮೌಲ್ಯದಿಂದಾಗಲಿ ಶೇಕಡಾ 51ರಷ್ಟು ಮಂದಿ ಲಿಖಿತವಾಗಿ ವಿರೋಧಿಸಿದರೆ ವಲಯ ರಚನೆಯಾಗುವುದಿಲ್ಲ. ಇಂಗ್ಲೆಂಡಿನಲ್ಲಿ 2003ರ ಕಾಯ್ದೆಯ ಪ್ರಕಾರ ಹಣ ಕೊಡುವವರು ಸಾಮಾನ್ಯವಾಗಿ ಜಾಗದಲ್ಲಿ ವ್ಯಾಪಾರ ನಡೆಸುವವರು. ಅಲ್ಲಿ ಮತದಾನ ಗೆಲ್ಲಬೇಕಾದರೆ ಮತ ಹಾಕಿದವರ ಸಂಖ್ಯೆಯಲ್ಲೂ ಬಹುಮತ ಬೇಕು, ಅವರ ಜಾಗಗಳ ಕರಮೌಲ್ಯದಲ್ಲೂ (ತೆರಿಗೆಗಾಗಿ ನಿಗದಿಯಾದ ಬೆಲೆಯಲ್ಲೂ) ಬಹುಮತ ಬೇಕು. ದೊಡ್ಡ ಅಂಗಡಿಯೊಂದು ಸಣ್ಣವರನ್ನು ಮುಳುಗಿಸಬಾರದು, ಸಣ್ಣವರೆಲ್ಲ ಸೇರಿ ದೊಡ್ಡವನ ಜೇಬಿಗೆ ಕೈ ಹಾಕಲೂಬಾರದು ಎಂಬ ಎಚ್ಚರ ಅದರಲ್ಲಿದೆ. ಇನ್ನೂ ಒಂದು ಅಂಶ ನನಗೆ ಬಹಳ ಹಿಡಿಸಿದೆ: ಐದು ವರ್ಷ ಮೀರಿದರೆ ಅದು ತಾನಾಗಿಯೇ ಮುಗಿಯುತ್ತದೆ, ಮುಂದುವರಿಯಬೇಕಾದರೆ ಮತ್ತೆ ಮತ ಕೇಳಬೇಕು. ದುರಸ್ತಿ ಉಪಕರಕ್ಕೆ ಇಂಥ ಕೊನೆಯ ದಿನವೊಂದಿದ್ದಿದ್ದರೆ ಎಂದು ಹಿರಿಯರ ಉತ್ತರ ಓದುತ್ತ ಅನ್ನಿಸಿತು.

ಅಳತೆಯ ಪ್ರಶ್ನೆಗೆ ಬರುತ್ತೇನೆ. ಮುಂಭಾಗದ ಅಳತೆ ಬಹಳ ಹಳೆಯದು, ಸುಲಭವೂ ಹೌದು; ಟೇಪು ಹಿಡಿದರೆ ಮುಗಿಯಿತು, ಯಾರೂ ಲೆಕ್ಕ ಬಚ್ಚಿಡಲಾರರು. ಆದರೆ ಅದನ್ನೊಂದೇ ಹಿಡಿದು ಕುಳಿತರೆ ಪಡೆದ ಲಾಭಕ್ಕಿಂತ ಹೆಚ್ಚು ಹಣ ಕೀಳುವ ಅಪಾಯವಿದೆ. ಅಮೆರಿಕದ ಸುಪ್ರೀಂ ಕೋರ್ಟು 1898ರಲ್ಲಿ, ಲಾಭವೆಷ್ಟೆಂದು ನೋಡದೆ ಮುಂಭಾಗದ ಅಡಿಗಳಷ್ಟನ್ನೇ ಎಣಿಸಿ ಹಾಕಿದ ಬೀದಿಯ ಕರವೊಂದನ್ನು ಈ ಕಾರಣಕ್ಕೇ ತಳ್ಳಿಹಾಕಿತ್ತು. ತಮ್ಮ ಬೀದಿಯಲ್ಲಿ ನೆಲಮಹಡಿಯ ಒಟ್ಟು ವಿಸ್ತೀರ್ಣ 5,400 ಚದರ ಮೀಟರು ಎಂದಿಟ್ಟುಕೊಳ್ಳೋಣ. ವಿಸ್ತೀರ್ಣದ ಮೇಲೆ ಹಂಚಿದರೆ ಚದರ ಮೀಟರಿಗೆ 1,500 ರೂಪಾಯಿ. ಎಂಬತ್ತು ಚದರ ಮೀಟರಿನ ಹೋಟೆಲಿಗೆ 1,20,000, ಮೂವತ್ತಾರು ಚದರ ಮೀಟರಿನ ಬಟ್ಟೆ ಅಂಗಡಿಗೆ 54,000. ತಕ್ಕಡಿ ಪೂರ್ತಿ ಮಗುಚಿತು, ಈಗ ತಾವು ದೂರುತ್ತೀರಿ. ಅರ್ಧ ಹಣವನ್ನು ಮುಂಭಾಗದ ಮೇಲೆ, ಉಳಿದರ್ಧವನ್ನು ವಿಸ್ತೀರ್ಣದ ಮೇಲೆ ಹಂಚಿದರೆ ಹೋಟೆಲಿಗೆ 90,000, ಬಟ್ಟೆ ಅಂಗಡಿಗೆ 1,17,000. ಇಬ್ಬರೂ ಗೊಣಗುತ್ತಾರೆ, ಆದರೆ ಇಬ್ಬರೂ ಸಹಿ ಹಾಕಬಹುದಾದ ಅಂಕಿ ಇದು. ಮೇಲಿನ ಮಹಡಿಯ ಕಚೇರಿಗಳಿಂದ ಕಡಿಮೆ ದರದಲ್ಲಿ ಪಡೆದರೆ ಎಲ್ಲರ ಹೊರೆಯೂ ಇಳಿಯುತ್ತದೆ. ಮನೆಗಳನ್ನು ಮಾತ್ರ ಬಿಟ್ಟುಬಿಡಿ; ನ್ಯೂಯಾರ್ಕಿನ ಹಲವು ವಲಯಗಳಲ್ಲಿ ವಾಸದ ಮನೆಗೆ ವರ್ಷಕ್ಕೆ ಒಂದು ಡಾಲರು, ಅಷ್ಟೇ.

ನಮ್ಮ ಪುಣೆಯ ಜಂಗಲಿ ಮಹಾರಾಜ ರಸ್ತೆಯ ಅಗಲವಾದ ಕಾಲುದಾರಿಯನ್ನು ನೋಡಿ ಬಂದವರು ‘ಹೀಗೆ ಮಾಡಿಕೊಡಿ’ ಎನ್ನುತ್ತಾರೆ. ಅದು ಸಾರ್ವಜನಿಕ ಹಣದಲ್ಲಿ ಆದದ್ದು, ಬೆಂಗಳೂರಿನ ಚರ್ಚ್ ಸ್ಟ್ರೀಟೂ ಹಾಗೆಯೇ. ಅಂಗಡಿಯವರಿಂದ ಕಾಸು ಕೇಳದೆ ಆದ ಬೀದಿಗಳನ್ನು ಮಾದರಿಯಾಗಿ ತೋರಿಸಿ ಕಾಸು ಕೇಳುವುದು ಕಷ್ಟ ಎಂಬುದನ್ನು ಕಾರ್ಯದರ್ಶಿಗಳಿಗೆ ತಿಳಿಸಿ.

ಉತ್ತರ: ಕಂಡಕ್ಟಿಂಗ್ ಮೇಲೆ ಹೋಟೆಲು ನಡೆಸುವವನು, ಠಾಣೆ

ಒಡೆಯ, ಪಗಡಿಯವನು ಎಂದು ಇಬ್ಬರನ್ನೇ ಎಣಿಸಿದ್ದೀರಿ. ಮೂರನೆಯವನು ನಾನು. ನನ್ನಂಥವರು ಪಗಡಿಯವರಿಂದ ಹೋಟೆಲನ್ನು ಕಂಡಕ್ಟಿಂಗ್‌ಗೆ ಪಡೆದು, ತಿಂಗಳಿಗೆ ಇಂತಿಷ್ಟು ಎಂದು ಕೊಟ್ಟು ನಡೆಸುತ್ತೇವೆ. ಕರಾರು ಮೂರು ವರ್ಷದ್ದು. ನಾನಿದ್ದ ಒಂದು ಬೀದಿಯಲ್ಲಿ ಕಾಲುದಾರಿ ಸುಧಾರಿಸಲು ಸಂಘದವರು ಹಣ ಎತ್ತಿದಾಗ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ನಾನಾದ್ದರಿಂದ ಚೀಟಿ ನನ್ನ ಕೈಗೇ ಬಂತು, ನಾನು ಕೊಟ್ಟೆ. ಬೀದಿ ಚೆನ್ನಾಯಿತು. ಮರುವರ್ಷ ಕರಾರು ನವೀಕರಿಸುವಾಗ, ‘ಬೀದಿ ಈಗ ಮೊದಲಿನಂತಿಲ್ಲ’ ಎಂದು ಜಾಗದವರು ತಿಂಗಳ ಮೊತ್ತ ಏರಿಸಿದರು. ನಾನು ಕೊಟ್ಟ ಹಣಕ್ಕೆ ನಾನೇ ಬಾಡಿಗೆ ತೆತ್ತಂತಾಯಿತು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಆ 81 ಲಕ್ಷವನ್ನೂ ವರ್ಷದ 10 ಲಕ್ಷ 80 ಸಾವಿರವನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಕಲ್ಲು, ದೀಪ, ಕಟ್ಟೆ ಇವು ಜಾಗದ ಬೆಲೆಯನ್ನು ಏರಿಸುತ್ತವೆ. ಅದನ್ನು ಜಾಗದಲ್ಲಿ ಶಾಶ್ವತ ಹಕ್ಕಿರುವವರು ಕೊಡಲಿ. ಗುಡಿಸುವುದು, ಕಾಯುವುದು ಇವು ಇಂದಿನ ವ್ಯಾಪಾರಕ್ಕೆ ಸಲ್ಲುತ್ತವೆ. ಅದನ್ನು ಇಂದು ವ್ಯಾಪಾರ ಮಾಡುವವರು, ಅಂದರೆ ನಾವು, ಕೊಡುತ್ತೇವೆ. ನಾಲ್ಕು ಮೀಟರಿಗೆ ವರ್ಷಕ್ಕೆ 8,000 ರೂಪಾಯಿ ನನಗೆ ಭಾರವಲ್ಲ.

ಇನ್ನೊಂದು ಮಾತು. ಇಂಥ ಯೋಜನೆಗಳ ಒಳಗೆ ಫೇರಿವಾಲರನ್ನು (ಬೀದಿಬದಿಯ ವ್ಯಾಪಾರಿಗಳನ್ನು) ಎಬ್ಬಿಸುವ ಆಸೆ ಅಡಗಿರುತ್ತದೆ. ಹಣ ಕೊಟ್ಟೆವೆಂಬ ಕಾರಣಕ್ಕೆ ಅದು ನಿಮ್ಮ ಕೈಗೆ ಬರುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಅದು ನಗರ ವ್ಯಾಪಾರ ಸಮಿತಿಯ ವಿಷಯ, ಆ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಮಂದಿ ಫೇರಿವಾಲರೇ ಇರಬೇಕು. ನಕ್ಷೆಯಲ್ಲಿ ಅವರಿಗೂ ಜಾಗ ಗುರುತಿಸಿ ಹೋದರೆ ವಾರ್ಡ್ ಕಚೇರಿಯಲ್ಲಿ ಕಡತ ಮುಂದೆ ಸರಿಯುತ್ತದೆ.

ಪ್ರಶ್ನಿಸಿದವರ ಪ್ರತಿಕ್ರಿಯೆ: ಫೋರ್ಟಿನ ಹೋಟೆಲಿಗ

ಮೂವರಿಗೂ ಕೃತಜ್ಞತೆಗಳು. ಅರ್ಧ-ಅರ್ಧದ ಲೆಕ್ಕವನ್ನು ಬಟ್ಟೆ ಅಂಗಡಿಯವರಿಗೆ ತೋರಿಸಿದೆ. 1,80,000 ಇದ್ದದ್ದು 1,17,000ಕ್ಕೆ ಇಳಿದದ್ದನ್ನು ನೋಡಿ ಅವರು ‘ಯೋಚಿಸೋಣ’ ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ನನ್ನ ಪಾಲು 60,000ದಿಂದ 90,000ಕ್ಕೆ ಏರಿದ್ದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಠಾಣೆಯ ಅಣ್ಣ ಹೇಳಿದ ವಿಭಜನೆ ನನಗೆ ಒಪ್ಪಿಗೆಯಾಗಿದೆ. ಆದರೆ ‘ಶಾಶ್ವತ ಹಕ್ಕಿರುವವರು’ ಎಂದರೆ ಪಗಡಿಯಲ್ಲಿ ಯಾರು? ನಮ್ಮ ಕಟ್ಟಡದ ಒಡೆಯರಿಗೆ ತಿಂಗಳಿಗೆ ನನ್ನಿಂದ ಬರುವ ಬಾಡಿಗೆ ನಾಲ್ಕು ಮಸಾಲೆದೋಸೆಯ ಬೆಲೆಯನ್ನು ಮೀರುವುದಿಲ್ಲ. ಅವರಿಂದ ಸಾವಿರಗಟ್ಟಲೆ ಕೇಳಲು ನನಗೇ ಮುಖವಿಲ್ಲ. ಇನ್ನೊಂದು ತೊಡಕು: ಮೂಲೆಯ ಕಟ್ಟಡದ ಪಕ್ಕದ ಗೋಡೆ ಹದಿನಾಲ್ಕು ಮೀಟರು ಇದೆ. ಅದನ್ನೂ ಮುಂಭಾಗಕ್ಕೆ ಸೇರಿಸಬೇಕೆ?

ಉತ್ತರ: ನಿವೃತ್ತ ಕರನಿರ್ಧಾರಕ, ಮುಲುಂಡ್

ಬಾಡಿಗೆ ಅಷ್ಟು ಕಡಿಮೆ ಇರುವುದು ಒಡೆಯರ ಉದಾರತೆಯಿಂದಲ್ಲ, 1947ರ ಬಾಡಿಗೆ ನಿಯಂತ್ರಣ ಕಾಯ್ದೆಯಿಂದ. 1999ರ ಕಾಯ್ದೆ ಬಂದ ಮೇಲೂ ವರ್ಷಕ್ಕೆ ಶೇಕಡಾ 4ರಷ್ಟೇ ಏರಿಸಬಹುದು. ಹಾಗೆಂದು ಒಡೆಯರಿಗೆ ಬೀದಿಯ ಸುಧಾರಣೆಯಿಂದ ಲಾಭವೇ ಇಲ್ಲವೆನ್ನಲಾಗದು. ಪಗಡಿಯ ಜಾಗ ಕೈಬದಲಾಗುವಾಗ ಹೊಸಬನು ಕೊಡುವ ಮೊತ್ತದಲ್ಲಿ ರೂಢಿಯಂತೆ ಸುಮಾರು ಮೂರರಲ್ಲೊಂದು ಪಾಲು ಒಡೆಯರಿಗೆ ಸಲ್ಲುತ್ತದೆ, ಉಳಿದದ್ದು ಬಿಟ್ಟುಹೋಗುವ ಬಾಡಿಗೆದಾರನಿಗೆ. 1999ರ ಕಾಯ್ದೆಯೇ ಈ ವ್ಯವಹಾರವನ್ನು ಸಕ್ರಮಗೊಳಿಸಿದೆ. ಬೀದಿ ಚೆನ್ನಾದರೆ ಏರುವುದು ಆ ಮೊತ್ತ. ಲಾಭ ಹಂಚಿಹೋಗುವ ಪ್ರಮಾಣದಲ್ಲೇ ಖರ್ಚೂ ಹಂಚಿಹೋಗಲಿ: ನಿಮ್ಮ 90,000ದಲ್ಲಿ 60,000 ನಿಮ್ಮದು, 30,000 ಒಡೆಯರದು.

ಆ 30,000ವನ್ನು ಇಂದೇ ಕೊಡಿರೆಂದು ಕೇಳಬೇಡಿ. ಇಂದು ನೀವೇ ಭರಿಸಿ, ಮುಂದೆ ಜಾಗ ವರ್ಗವಾಗುವ ದಿನ ಅವರ ಪಾಲಿನಿಂದ ಅಷ್ಟನ್ನು ಮುರಿದುಕೊಳ್ಳಲು ಒಪ್ಪಿಗೆಯೆಂದು ಸ್ಟಾಂಪ್ ಕಾಗದದ ಮೇಲೆ ಬರೆಸಿಕೊಳ್ಳಿ. ಕೈಯಿಂದ ಈಗ ಹಣ ಬಿಚ್ಚಬೇಕಿಲ್ಲವೆಂದರೆ ಒಡೆಯರು ಸಹಿ ಹಾಕುವ ಸಂಭವ ಹೆಚ್ಚು.

ಕೆಲಸವನ್ನು ಕಲ್ಲುಹಾಸಿನಿಂದ ಆರಂಭಿಸಬೇಡಿ, ಫಲಕಗಳಿಂದ ಆರಂಭಿಸಿ. ನಿಮ್ಮ ಹತ್ತಿರದಲ್ಲೇ ಇರುವ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಹಳೆಯ ಕಮಾನುಗಳನ್ನು ಮುಚ್ಚಿದ್ದ ಫಲಕಗಳನ್ನು ಅಂಗಡಿಯವರು ಕಮಾನಿನೊಳಗೆ ಸರಿಯಾಗಿ ಹೊಂದಿಸಿಕೊಂಡ ಕೆಲಸ ಮುಖ್ಯವಾಗಿ ಮನವೊಲಿಕೆಯಿಂದ ಸಾಗಿತು. 2004ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಅದಕ್ಕೆ ಮನ್ನಣೆಯೂ ದೊರೆಯಿತು. ಫಲಕ ಅವರವರದೇ ಆದ್ದರಿಂದ ಹಂಚಿಕೆಯ ಜಗಳ ಹುಟ್ಟುವುದಿಲ್ಲ.

ಮೂಲೆಯ ಗೋಡೆಯ ವಿಷಯದಲ್ಲಿ ನನ್ನ ರೂಢಿ ಸರಳ. ಪಕ್ಕದ ಗೋಡೆ ನೀವು ಸುಧಾರಿಸುವ ಬೀದಿಗೆ ಮುಖಮಾಡಿಲ್ಲವಾದರೆ ಅದನ್ನು ಅಳೆಯಲೇ ಬೇಡಿ. ಮುಖಮಾಡಿದ್ದು, ಅದರಲ್ಲಿ ಗಿರಾಕಿ ಬರುವ ಬಾಗಿಲೋ ಸರಕು ತೋರಿಸುವ ಕಿಟಕಿಯೋ ಇದ್ದರೆ ಅಷ್ಟಗಲವನ್ನು ಮಾತ್ರ ಸೇರಿಸಿ. ಮುಂದೆ ಎಂದಾದರೂ ಅಲ್ಲಿ ಹೊಸ ಬಾಗಿಲು ತೆಗೆದರೆ, ತೆಗೆದ ವರ್ಷದಿಂದ ಅದಕ್ಕೂ ಹಣ ಎಂದು ಕರಾರಿನಲ್ಲೇ ಒಂದು ಸಾಲು ಬರೆದಿಡಿ.